ಪಟ್ಟೆ ಕೂಡಿಸಿದ ಕನಕಮ್ಮ

ಕನಕಮ್ಮ ಹುಟ್ಟಿದ್ದು ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ, ಕೊಟ್ಟದ್ದು ಮಾನ್ವಿಗೆ. ರಾಯಚೂರಿಗೆ ಬಂದು ಹೊಲಿಗೆ ಮಷೀನು ಹಾಕಿ ಇಪ್ಪತ್ತೆರಡು ವರ್ಷ. ಪಟ್ಟೆ ಬಟ್ಟೆಯಾದರೆ ಅವಳೇ ಹೊಲಿಯಬೇಕು ಎಂದು ಓಣಿಯಲ್ಲಿ ಮಾತು. ಪಟ್ಟೆಗೆ ಪಟ್ಟೆ ಕೂಡಿಸಿದರೆ ಹೊಲಿಗೆ ಎಲ್ಲಿದೆಯೆಂದು ಹುಡುಕಬೇಕು. ಹೋದ ವರ್ಷ ಗಂಡ ವೆಂಕೋಬ ತೀರಿಕೊಂಡ. ಮಣ್ಣು ಮಾಡಿದ ಮೂರನೆಯ ದಿನ ಮಷೀನಿನ ಮುಂದೆ ಕುಳಿತಳು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಉಂಡರೆ ಉಂಡಳು, ಬಿಟ್ಟರೆ ಬಿಟ್ಟಳು.

ಚಳಿಗಾಲಕ್ಕೆ ಮುಂಡಗೋಡದಿಂದ ಸ್ವೆಟರ್ ಮಾರಲು ಬರುವ ಟಿಬೆಟಿನ ಯಾಂಗ್ಚೆನ್ ಈ ಸಲ ಒಂದು ಗಂಟು ತಂದಳು. ಒಳಗೆ ಪಾಂಗ್ದೆನ್. ಮದುವೆಯಾದ ಹೆಂಗಸರು ಚುಪಾ ಎಂಬ ಉದ್ದ ಉಡುಪಿನ ಮೇಲೆ, ಸೊಂಟದ ಮುಂದೆ ಕಟ್ಟುವ ಉಣ್ಣೆಯ ಪಟ್ಟೆ ಬಟ್ಟೆ ಅದು. ಟಿಬೆಟಿನಲ್ಲೇ ಖಾಮ್ ಕಡೆಯವರ ಉಡುಪು ಬೇರೆಯಂತೆ, ಆಮ್ದೋದವರು ಕುರಿಚರ್ಮದ ನಿಲುವಂಗಿ ತೊಟ್ಟು ಒಂದು ತೋಳು ಇಳಿಬಿಡುತ್ತಾರಂತೆ. ಇದು ತಮ್ಮ ಲಾಸಾ ಕಡೆಯದು, ತೀರಿಹೋದ ತಾಯಿ ನೇಯ್ದದ್ದು ಎಂದಳು. ಮೂರು ಉದ್ದ ತುಂಡು ಕೂಡಿಸಿದ ಹೊಲಿಗೆ ಬಿಟ್ಟಿತ್ತು. ಬರುವ ವಾರ ಮಗಳ ಮದುವೆ, ಅವಳಿಗೆ ಇದನ್ನೇ ಕಟ್ಟಬೇಕು.

ಕನಕಮ್ಮ ಹೂಂ ಎಂದಳು. ತುಂಡುಗಳನ್ನು ಹಾಸಿದರೆ ಹಳೆಯ ಹೊಲಿಗೆಯ ಗುರುತಿನಲ್ಲಿ ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ನೀಲಿ, ಒಂದೂ ಕೂಡುತ್ತಿರಲಿಲ್ಲ. ಹಿಂದೆ ಹೊಲಿದವರಿಗೆ ಕೈ ಕುದುರಿಲ್ಲ ಅಂದುಕೊಂಡಳು. ನಡುವಿನ ತುಂಡು ಸರಿಸಿ, ಪಟ್ಟೆ ಹೊಂದಿಸಿ, ಮೇಲೆ ಕೆಳಗೆ ಹೆಚ್ಚಾದ ಎರಡೆರಡು ಬೆರಳು ಕತ್ತರಿಸಿ ಹೊಲಿದಳು.

ಮರುದಿನ ಯಾಂಗ್ಚೆನ್ ಅದನ್ನು ಬಿಡಿಸಿ ಬಾಗಿಲ ಬೆಳಕಿಗೆ ಹಿಡಿದಳು.

“ಪಟ್ಟಿ ಕೂಡಬಾರದು ಅಕ್ಕಾ. ನಮ್ಮವ್ವ ಬೇಕಂತನ ತಪ್ಪಿಸಿ ಹೊಲಿದಿದ್ಳು. ನಮ್ಮ ಪದ್ಧತಿನ ಹಂಗ.”

“ನಂಗ ಗೊತ್ತಿದ್ದಿಲ್ಲ ಯವ್ವಾ. ಕೈ ತಾನ ಕೂಡಿಸಿಬಿಡ್ತು.”

“ಕತ್ತರಿನೂ ತಾನ ಆಡ್ತೇನು?”

ಕನಕಮ್ಮ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಕೊಟ್ಟ ಬಟ್ಟೆಯನ್ನು ಕೆಡಿಸಿದ್ದು ಇದೇ ಮೊದಲು. ಎದೆಯೊಳಗೆ ಏನಾದರೂ ಆಗಬೇಕಿತ್ತು, ಆಗಲಿಲ್ಲ. ಹೊಲಿಗೆ ಬಿಚ್ಚಿದಳು. ಬುಟ್ಟಿಯಿಂದ ಕತ್ತರಿಸಿದ ಚೂರು ಆರಿಸಿ, ಎಳೆಗೆ ಎಳೆ ಹಿಡಿದು ಎರಡು ದಿನ ಕೈಸೂಜಿಯಲ್ಲಿ ರಫು ಮಾಡಿದಳು. ಮೂರು ತುಂಡನ್ನು ಮತ್ತೆ ತಪ್ಪಿಸಿ ಹೊಲಿದಳು.

ಬಸ್ಸಿಗೆ ಹೊರಟ ಯಾಂಗ್ಚೆನ್ ರಫುವಿನ ಮೇಲೆ ಬೆರಳಾಡಿಸಿದಳು.

“ಕಾಣ್ತದ.”

“ಕಾಣ್ತದ,” ಎಂದು ಕನಕಮ್ಮ ಒಪ್ಪಿಕೊಂಡಳು. “ಮಗಳು ಕೇಳಿದ್ರ ರಾಯಚೂರಾಗ ಒಬ್ಬಾಕಿ ಕೆಡಿಸಿದ್ಳು ಅಂತ ಹೇಳು.”

ಯಾಂಗ್ಚೆನ್ ಅದನ್ನು ತನ್ನ ಸೊಂಟಕ್ಕೇ ಕಟ್ಟಿಕೊಂಡು, ನೋಡು ಎಂದು ಮುಂದೆ ನಿಂತಳು. ನಡುವಿನ ತುಂಡನ್ನು ಒಂದಿಷ್ಟು ಕೆಳಕ್ಕೆ ಜಗ್ಗಬೇಕೆಂದು ಕನಕಮ್ಮನ ಬೆರಳು ಮಿಡುಕಿದವು. ಅವನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

“ಪಟ್ಟಿ ಕೂಡಿಲ್ಲ,” ಎಂದಳು.

“ಹಂಗಿದ್ರ ಮಗಳಿಗೆ ಕಟ್ತೀನಿ.”

ಯಾಂಗ್ಚೆನ್ ಅದನ್ನು ಬಿಚ್ಚಿ, ಮಡಚಿಕೊಂಡು ಹೋದಳು. ಕನಕಮ್ಮ ಮುಂದಿನ ಕುಪ್ಪಸ ಎಳೆದುಕೊಂಡಳು.