ಕಾಕಾ ಒರಗದ ಕುರ್ಚಿ

ಹಳೆಯ ಸಾಮಾನು ಕೂಡಿಹಾಕುವ ಕೊಲ್ಲಾಪುರದ ಗೃಹಸ್ಥರೊಬ್ಬರು ಮೊನ್ನೆ ಹುಕ್ಕೇರಿಯ ನಮ್ಮ ಮನೆಗೆ ಬಂದು, ಪಡಸಾಲೆಯ ಕುರ್ಚಿಯ ಮುಂದೆ ಮಂಡಿಯೂರಿದರು. ನಮ್ಮ ಮನೆದೇವರಿಗೂ ಯಾರೂ ಅಷ್ಟು ಭಕ್ತಿಯಿಂದ ಬಗ್ಗಿದ್ದನ್ನು ನಾನು ಕಂಡಿಲ್ಲ. ಐವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ್ದಂತೆ. ಈಗ ಹುಡುಕಿದರೂ ಸಿಗದಂತೆ. ಮಾರಬೇಕೆಂದು ಅವರನ್ನು ಕರೆಸಿದವನು ನಾನೇ. ಬೆನ್ನಿನ ಹಲಗೆ ಹೊಸದರಂತಿದೆ, ಕೂರುವ ಹಲಗೆಯ ಮುಂದಿನ ಅಂಚು ಮಾತ್ರ ಸವೆದಿದೆ, ಇದು ಹೇಗೆ ಎಂದು ಕೇಳಿದರು.

ಅವರಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ನನ್ನ ಕಾಕಾ ಗೋಕಾಕದ ಕಡೆ ಗಿರಣಿಯೊಂದರ ಉಗ್ರಾಣ ನೋಡಿಕೊಂಡಿದ್ದರು. ಹರೆಯದಲ್ಲಿ, ಈ ಕುರ್ಚಿಯಲ್ಲಿ ಒರಗಿದ ಇಂಗ್ಲಿಷ್ ಸಾಹೇಬನೆದುರು ನಿಂತೇ ಮಾತಾಡಿದವರು. ಒಮ್ಮೆಯಾದರೂ ತಾನೂ ಹಾಗೆ ಒರಗಬೇಕೆಂಬುದು ಆಸೆಗಳೇ ಇಲ್ಲದ ಆ ಮನುಷ್ಯನ ಏಕೈಕ ದುರಾಶೆ. ತೊಂಬತ್ತನಾಲ್ಕನೇ ಇಸವಿಯಲ್ಲಿ ನಿವೃತ್ತರಾದಾಗ, ಸಾಹೇಬನ ಹಳೆಯ ಬಂಗಲೆ ತೆರವಾಗುತ್ತಿತ್ತು. ಶಾಲು ಬೇಡ, ಕುರ್ಚಿ ಕೊಡಿರಿ ಎಂದು ಕೇಳಿ, ಬಸ್ಸಿನ ನೆತ್ತಿಗೆ ಕಟ್ಟಿಸಿ ತಂದರು.

ತೊಡಕೆಂದರೆ, ಕುರ್ಚಿಯ ಬೆನ್ನು ಹಿಂದಕ್ಕೆ ವಾಲಿದೆ. ಸರಿಯಾಗಿ ಕೂತವನು ಒರಗಲೇಬೇಕು. ಎದುರಿನ ಮಂಚದ ಮೇಲೆ ನನ್ನಪ್ಪ, ಅಂದರೆ ಕಾಕಾನ ಅಣ್ಣ, ನೆಟ್ಟಗೆ ಕೂತಿರುತ್ತಿದ್ದರು. ಅಣ್ಣನೆದುರು ಒರಗುವುದುಂಟೆ? ಕಾಕಾ ಅಂಚಿನ ನಾಲ್ಕು ಬೆರಳು ಜಾಗದಲ್ಲಿ, ಮೊಣಕಾಲಿಗೆ ಕೈಯೂರಿ ಕೂತರು. ಎಂಟು ವರ್ಷ. ಉಳಿದ ಕುರ್ಚಿ ಬ್ರಿಟಿಷ್ ಸಾಮ್ರಾಜ್ಯದಂತೆ ಅವರ ಬೆನ್ನ ಹಿಂದೆ ಖಾಲಿ ಬಿದ್ದಿತ್ತು. ನಿಮ್ಮ ಕೋಣೆಗಾದರೂ ಒಯ್ದು ಆರಾಮಾಗಿ ಕೂತುಕೊಳ್ಳಿರಿ ಎಂದು ಅವ್ವ ಹೇಳಿ ನೋಡಿದಳು.

"ಕದ್ದು ಒರಗಾಕ ಇದೇನ ಕಳವಿನ ಮಾಲೇನ್ರಿ, ವೈನಿ?"

ಆಮೇಲೆ ಅಪ್ಪ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ತಮ್ಮನನ್ನೇ ಬಹಳ ಹೊತ್ತು ನೋಡಿ ಅಂದರು:

"ಒರಗೋ ತಮ್ಮಾ. ನಾ ಯಾವಾಗರ ಬ್ಯಾಡ ಅಂದೇನೇನ?"

"ಇಲ್ರಿ ಅಣ್ಣಾ. ಹೂಂ ಅಂತನೂ ಅಂದಿಲ್ರಿ."

"ಈಗ ಅಂದೆನಲ್ಲಾ."

ಕಾಕಾ ಮೆಲ್ಲಗೆ ಹಿಂದೆ ಸರಿದರು. ಬೆನ್ನು ಹಲಗೆಗೆ ತಾಗುವ ಮೊದಲೇ ಅಪ್ಪನಿಗೆ ಕೆಮ್ಮು ಒತ್ತರಿಸಿತು. ಕಾಕಾ ನೀರಿಗೆಂದು ಎದ್ದರು. ಆ ವಾರವೇ ಅಪ್ಪ ಹೋದರು.

ಇನ್ನಾದರೂ ಒರಗಿರಿ ಕಾಕಾ, ಎಂದೆ ನಾನು, ಬುದ್ಧಿವಂತನಂತೆ.

"ಹೂಂ ಅಂದಾವ್ರು ನೋಡಾಕ ಇಲ್ಲಲ್ಲೋ," ಎಂದರು. ಖಾಲಿ ಮಂಚದ ಎದುರು, ಕೊನೆಯವರೆಗೂ ಅದೇ ಅಂಚಿನಲ್ಲಿ ಕೂತರು.

ಸವೆದದ್ದು ಚಿಂತೆಯಿಲ್ಲ, ಪಾಲಿಶ್ ಮಾಡಿಸಿದರೆ ಗುರುತೇ ಉಳಿಯುವುದಿಲ್ಲ ಎಂದು ಕೊಲ್ಲಾಪುರದವರು ಧೈರ್ಯ ಹೇಳಿದರು. ಚಹಾ ಕೊಟ್ಟು, ಕೈಮುಗಿದು, ಬರಿಗೈಯಲ್ಲಿ ಕಳಿಸಿದೆ.

ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂತೆ. ನನ್ನೆದುರು ಈಗ ಹಿರಿಯರು ಯಾರೂ ಇಲ್ಲ, ಧಾರಾಳವಾಗಿ ಒರಗಬಹುದಿತ್ತು. ಸವೆದ ಅಂಚು ನನ್ನ ಅಳತೆಗೂ ಸರಿಯಾಗಿತ್ತು.