ಸಾರಿಸಿದ ನೆಲ

೧೯೫೮ರ ಮಾಘ, ಸೋಮವಾರ, ಬೆಳಿಗ್ಗೆ ಆರೂವರೆ. ಹರಿಹರದ ಹೊಳೆದಂಡೆಯ ಉತ್ಖನನದ ಗುಂಡಿಯಲ್ಲಿ ಇದ್ದವರು ಮೂವರು: ನಾನು, ಗುದ್ದಲಿಯ ಆಳು, ಮಣ್ಣು ಹೊರುವ ಗುತ್ತೂರಿನ ಅಕ್ಕ. ಅಕ್ಕನ ಬಲಗೈ ಬೆರಳುಗಳ ತುದಿಗಳು ಹೊಳೆಯ ಕಲ್ಲಿನಂತೆ ಸವೆದು ನುಣುಪಾಗಿದ್ದವು. ಮಂಜು ಗುಂಡಿಯ ಅಂಚಿಗೆ ಬಂದು ನಿಂತಿತ್ತು.

ನಾನು ಪುರಾತತ್ವ ಓದಿ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ದಾವಣಗೆರೆಯ ಮಂಡಿಪೇಟೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಸಂಜೆಯೊಳಗೆ ಗುಂಡಿ ಇನ್ನೊಂದು ಅಡಿ ಇಳಿಯಬೇಕೆಂದು ಮೇಲಧಿಕಾರಿಗಳ ಅಪ್ಪಣೆಯಾಗಿತ್ತು.

ಆಳು ಗುದ್ದಲಿ ಎತ್ತಿದ. ಅಕ್ಕ ಬುಟ್ಟಿ ಬಿಸಾಡಿ, ಗುದ್ದಲಿ ಬೀಳುವ ಜಾಗದಲ್ಲೇ ಕೂತುಬಿಟ್ಟಳು.

"ಅಗಿಬ್ಯಾಡ್ರಿ. ಇದು ಮನೆ ನೆಲ ಐತೆ."

"ಬರೀ ಮಣ್ಣಕ್ಕ, ಏಳು" ಎಂದೆ ನಾನು.

"ನಿಮ್ಮನ್ಯಾಗ ನೆಲ ಸಾರ್ಸೋರು ಯಾರ್ರಿ?"

"ನಮ್ಮವ್ವ."

"ಅದಕ್ಕೇ ನಿಮಗೆ ಗೊತ್ತಾಗಂಗಿಲ್ಲ."

ಆಳು ಕಿಸಕ್ಕನೆ ನಕ್ಕ. ನನಗೆ ರೇಗಿತು. "ಏಳದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬ್ಯಾಡ" ಎಂದೆ.

"ಬರಂಗಿಲ್ಲ ಬಿಡ್ರಿ. ಇವತ್ತೊಂದು ಚೊಂಬು ನೀರು ಕೊಡ್ರಿ."

ಕೊಟ್ಟ ನೀರನ್ನು ನೆಲಕ್ಕೆ ಚಿಮುಕಿಸಿದಳು. ಒಣಮಣ್ಣು ಕಪ್ಪಾಗುತ್ತಿದ್ದಂತೆ ಅದರೊಳಗಿಂದ ಕಮಾನುಗಳು ಎದ್ದವು. ನಾಲ್ಕು ಬೆರಳಿನ ಗೆರೆಗಳು, ಒಂದರ ಹಿಂದೊಂದು, ನೀರಿನ ಅಲೆಗಳ ಹಾಗೆ. ಅಕ್ಕ ತನ್ನ ಬೆರಳುಗಳನ್ನು ತಾಗಿಯೂ ತಾಗದಂತೆ ಅವುಗಳ ಮೇಲೆ ಆಡಿಸಿದಳು. ಎಂದೋ ಈ ನೆಲ ಸಾರಿಸಿದ ಆ ಕೈ ತಿರುಗಿದಲ್ಲೇ ಈ ಕೈಯೂ ತಿರುಗಿತು.

"ಹಸಿ ನೆಲ ತುಳಿಬಾರದಲ್ರಿ, ಹಿಂದಕ್ಕೆ ಸರೀತಾ ಬಾಗಿಲಿಗೆ ಬರ್ತೀವಿ. ಈಕಿನೂ ಹಂಗೇ ಸರಿದಾಳೆ. ಬಾಗಿಲು ಆ ಮೂಲ್ಯಾಗೈತೆ, ನೋಡ್ರಿ."

ಆ ಮೂಲೆಯನ್ನು ಸಣ್ಣ ಕರಣೆಯಿಂದ ನಾನೇ ಕೆರೆದೆ. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲಿನ ಕಲ್ಲು ಕಂಡಿತು. ನಡುವೆ ಸವೆದಿತ್ತು. ನೆಲ ಆರಲೆಂದು ಯಾರೋ ಈಗಷ್ಟೇ ಹೊರಗೆ ಹೋಗಿದ್ದಾರೆ, ನಾವು ಅವರ ಮನೆಯಲ್ಲಿ ಕೇಳದೆ ಕೂತಿದ್ದೇವೆ ಅನ್ನಿಸಿತು.

ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಪುರಾತತ್ವದವರು ಎನ್ನಿಸಿಕೊಳ್ಳಲು ಏನು ಬೇಕೆಂದು ಈಗಿನ ಹುಡುಗ ಹುಡುಗಿಯರು ಕೇಳಿದಾಗಲೆಲ್ಲ, ಓದಿದ ಪಾಠಕ್ಕಿಂತ ಮೊದಲು ಆ ಬೆರಳುಗಳು ನೆನಪಿಗೆ ಬರುತ್ತವೆ.

ಅಂದು ಐದು ಗಂಟೆಗೆ ದಿನಚರಿಯಲ್ಲಿ ಬರೆದೆ: "ಒಂದು ಅಡಿ ಇಳಿದಿಲ್ಲ. ಮನೆಯ ನೆಲ ಸಿಕ್ಕಿದೆ. ಗುರುತಿಸಿದವರು, ಮಣ್ಣು ಹೊರುವ ಅಕ್ಕ."

"ನಾಳೆ ಆರೂವರೆಗೆ ಬಾ ಅಕ್ಕ" ಎಂದೆ.

"ಬ್ಯಾಡ ಅಂದಿದ್ರಲ್ಲ?"

"ಅಂದಿದ್ದೆ."

ನೆಲ ಕೆಡದಿರಲೆಂದು ಅದಕ್ಕೆ ಚಾಪೆ ಹಾಸಿ, ಮೇಲೆ ಜರಡಿ ಹಿಡಿದ ಮಣ್ಣು ಹರಡುವುದು ಉಳಿದಿತ್ತು. ಅಕ್ಕ ಬಗ್ಗಿ ಹರಡುತ್ತ, ಹಿಂದಕ್ಕೆ ಸರಿಯುತ್ತ ಬಂದು, ಹೊಸ್ತಿಲಿನ ಕಲ್ಲನ್ನು ತುಳಿಯದೆ ದಾಟಿದಳು. ಕೊನೆಯ ಹಿಡಿ ಮಣ್ಣು ಹಾಕಿ ನಾನೂ ಹಾಗೇ ದಾಟಿದೆ.