ವಾಸಿಯಾಗದ ಕಿವಿಯ ಸಾಕ್ಷಿ

ನನ್ನ ಮಗಳ ಕಿವಿ ವಾಸಿಯಾಯಿತೆಂದು ಬನಶಂಕರಿಯ ಮೈದಾನದಲ್ಲಿ ಸೇರಿದ್ದ ಜನವೆಲ್ಲ ಚಪ್ಪಾಳೆ ತಟ್ಟಿದ ಸಂಜೆ, ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಕ್ಷಮಿಸಬೇಕು ಅಂತ ಗೊತ್ತು. ಕ್ಷಮಿಸಿದ್ದೇನೆ ಕೂಡ, ಆದರೆ ಇಷ್ಟು ವರ್ಷವಾದರೂ ಸಿಟ್ಟು ಹೋಗಿಲ್ಲ.

ತೊಂಬತ್ತರ ದಶಕದ ಕೊನೆ. ಜಯನಗರದಲ್ಲಿ ಮಹಡಿ ಮೇಲಿನ ಒಂದು ಕೋಣೆಯ ಮನೆಯಲ್ಲಿ ನಾನು, ಮಗಳು ಇಬ್ಬರೇ. ಅವಳಿನ್ನೂ ಕೈಗೂಸಾಗಿದ್ದಾಗಲೇ ನನ್ನವರು ತೀರಿಕೊಂಡರು. ಮರುವರ್ಷ ಮಿದುಳು ಜ್ವರ ಬಂದು ಅವಳ ಕಿವಿ ಹೋಯಿತು. ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಚರ್ಚಿನವರೇ. ಅಡುಗೆ ಮಾಡಿ ತಂದುಕೊಟ್ಟರು, ಆಸ್ಪತ್ರೆಯಲ್ಲಿ ಜೊತೆಗೆ ಕೂತರು. ಅದಕ್ಕೇ ಮುಂದೆ ಆದದ್ದು ಅಷ್ಟು ನೋಯಿಸಿತು.

ಮಗಳು ಎದೆಗೆ ತೂಗುಹಾಕುವ ಹಿಯರಿಂಗ್ ಏಡ್ ಹಾಕುತ್ತಿದ್ದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೊಂದು ವೈರು. ನಾವು ಅದನ್ನು ಮೆಷಿನ್ ಅನ್ನುತ್ತಿದ್ದೆವು. ಅದರಿಂದ ಸದ್ದಿನ ಚೂರುಪಾರು ಸಿಗುತ್ತಿತ್ತು. ಉಳಿದದ್ದನ್ನು ತುಟಿ ನೋಡಿ ಹಿಡಿಯುತ್ತಿದ್ದಳು. ಮಾತು ಕಲಿಸುವ ಟೀಚರ್ ಹೇಳಿಕೊಟ್ಟಂತೆ, ಸಂಜೆ ಪ್ರಾರ್ಥನೆಗೆ ಹಚ್ಚಿದ ಮೇಣದ ಬತ್ತಿಯ ಮುಂದೆಯೇ ನಮ್ಮ ಪಾಠ. 'ಪ' ಅಂದರೆ ಬಾಯಿಯ ಗಾಳಿಗೆ ಬತ್ತಿಯ ಉರಿ ಬಾಗಬೇಕು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಶುರುವಾಗುವ ಪ್ರಾರ್ಥನೆಯ ಆ ಮೊದಲ 'ಪರಲೋಕ'ವನ್ನು ಅವಳ ಬಾಯಲ್ಲಿ ಕೂರಿಸಲು ಒಂದು ಮಳೆಗಾಲವೇ ಹಿಡಿಯಿತು. ನಾನು ಪ್ರಾರ್ಥಿಸುವಾಗ ದನಿಯ ಅದುರು ತಿಳಿಯಲೆಂದು ಅವಳು ಅಂಗೈಯನ್ನು ನನ್ನ ಗಂಟಲ ಮೇಲಿಟ್ಟು ಕೂರುತ್ತಿದ್ದಳು.

ಮೈದಾನದ ಆ ಕೂಟಕ್ಕೆ ಪ್ರಾರ್ಥಿಸಿ ಕಾಯಿಲೆ ವಾಸಿಮಾಡುತ್ತಾರೆಂದು ಹೆಸರಾದ ಬೋಧಕರೊಬ್ಬರು ಹೊರಗಿನಿಂದ ಬಂದಿದ್ದರು. ನಮ್ಮ ಚರ್ಚಿನ ಹಿರಿಯ ಆಂಟಿಯೊಬ್ಬರು ನಮ್ಮಿಬ್ಬರನ್ನೂ ಎಳೆದುಕೊಂಡೇ ಹೋಗಿ ವೇದಿಕೆ ಹತ್ತಿಸಿದರು. ಬೋಧಕರು ಮಗಳ ಮೆಷಿನ್ ಬಿಚ್ಚಿಸಿ, ಅವಳ ಬೆನ್ನ ಹಿಂದೆ ನಿಂತು, ಕಾಲು ಅಪ್ಪಳಿಸಿ ಜೋರಾಗಿ ಚಪ್ಪಾಳೆ ಹೊಡೆದರು. ಅದು ಹಲಗೆಯ ವೇದಿಕೆ. ಅದುರಿದ್ದು ಪಾದಕ್ಕೆ ತಿಳಿದು ಮಗು ತಿರುಗಿತು. "ಕೇಳಿಸ್ತು!" ಎಂದು ಮೈಕಿನಲ್ಲಿ ಕೂಗಿದರು. ಮೈದಾನವೆಲ್ಲ ಹಲ್ಲೆಲೂಯಾ.

ಮೆಷಿನ್ನನ್ನು ಜನ ನೋಡಲಿ ಅಂತ ವಾಸಿಯಾದರೆಂದು ಸಾರಿದವರ ಊರುಗೋಲು, ಕನ್ನಡಕಗಳ ಜೊತೆ ಮೇಜಿನ ಮೇಲೆ ಇಟ್ಟುಬಿಟ್ಟಿದ್ದರು. ಕೇಳಿದರೆ ಅಲ್ಲಿ ನಿಂತಿದ್ದ ಕಾರ್ಯಕರ್ತರೊಬ್ಬರು, "ವಾಪಸ್ ತಗೊಂಡ್ರೆ ಅವಿಶ್ವಾಸ ಆಗುತ್ತೆ ಸಿಸ್ಟರ್" ಅಂದರು.

"ಮೊದ್ಲು ನಿಮ್ಮ ಕನ್ನಡಕ ತೆಗ್ದು ಅಲ್ಲಿಡಿ, ಆಮೇಲೆ ಮಾತಾಡೋಣ" ಎಂದು ಕಿತ್ತುಕೊಂಡು ಬಂದೆ.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಭಾನುವಾರ ಚರ್ಚಿನಲ್ಲಿ ಮಗಳ ಎದೆ ಮೇಲೆ ಮೆಷಿನ್ ನೋಡಿದ ಅದೇ ಆಂಟಿ, ಅವಳ ಮುಂದೆಯೇ ಅಂದರು: "ದೇವರು ಕಿವಿ ಕೊಟ್ಮೇಲೂ ಇದನ್ನ ಹಾಕಿದ್ದೀಯಲ್ಲ, ಇದು ಪಾಪ ಕಣಮ್ಮ." ತುಟಿ ಓದುವ ಮಗು ಎದುರಿಗೇ ನಿಂತಿದೆ ಎಂಬುದು ಆ ಮಹಾತಾಯಿಗೆ ಹೊಳೆಯಲೇ ಇಲ್ಲ.

ಮರುದಿನ ಮೆಷಿನ್ ಕಾಣಲಿಲ್ಲ. ಹುಡುಕಿದರೆ ರಾಗಿ ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಿದ್ದಳು. ಹಾಕಲು ಹೋದರೆ ಅತ್ತು ರಂಪ. ಬರಬರುತ್ತಾ ಮಾತೂ ನಿಂತಿತು. ಬತ್ತಿಯ ಮುಂದೆ ಕೂರಿಸಿದರೂ ಬಾಯಿ ತೆರೆಯಳು. ಹೀಗೇ ಬಿಟ್ಟರೆ ಕಲಿತ ಪದಗಳೆಲ್ಲ ಜಾರಿಹೋಗುತ್ತವೆ ಎಂದು ಟೀಚರ್ ಎಚ್ಚರಿಸಿದರು. ಕೊನೆಗೊಂದು ಸಂಜೆ ತಡೆತಡೆದು ಕೇಳಿದಳು: "ಅಮ್ಮ, ಯೇಸುಗೆ... ನನ್ ಮೇಲೆ ಕೋಪ?"

ನನಗೆ ತಡೆಯಲಾಗಲಿಲ್ಲ. ಆ ಬತ್ತಿಯ ಮುಂದೆ ದೇವರಿಗೇ ಬೈದೆ. ನೀನು ನನ್ನ ಗಂಡನನ್ನು ಕರೆದುಕೊಂಡೆ, ಮಗುವಿನ ಕಿವಿ ಕಿತ್ತುಕೊಂಡೆ, ಈಗ ನಿನ್ನ ಜನ ಅವಳ ಮಾತನ್ನೂ ಕಿತ್ತುಕೊಳ್ಳುತ್ತಿದ್ದಾರೆ, ನೀನು ನೋಡಿಕೊಂಡು ಸುಮ್ಮನಿದ್ದೀಯ ಎಂದು ಗಂಟಲು ಹರಿಯುವಂತೆ ಕೂಗಿದೆ. ಕೆಳಗಿನ ಮನೆಯವರು ಟಿವಿ ಸದ್ದು ಕಡಿಮೆ ಮಾಡಿದರು. ಮಗಳು ಎಂದಿನಂತೆ ಬಂದು ನನ್ನ ಗಂಟಲ ಮೇಲೆ ಅಂಗೈ ಇಟ್ಟಳು. ಅವಳ ಪಾಲಿಗೆ ಅದು ಪ್ರಾರ್ಥನೆ. ಆಗ ನನಗೂ ಅದು ಪ್ರಾರ್ಥನೆಯೇ ಅನ್ನಿಸಿತು. ಅಷ್ಟು ಬೈದರೂ ದೇವರು ಎದ್ದು ಹೋಗಿಲ್ಲ, ಇಲ್ಲೇ ನಮ್ಮ ಜೊತೆ ಕೂತಿದ್ದಾನೆ ಅನ್ನಿಸಿ ಮನಸ್ಸು ತಣ್ಣಗಾಯಿತು. ಬಹಳ ದಿನಗಳ ಮೇಲೆ ಸಮಾಧಾನವಾಗಿ ಊಟ ಮಾಡಿದೆ.

"ಕೋಪ ಇಲ್ಲ ಕಣೆ, ಮೆಷಿನ್ನೂ ಅವನೇ ಕೊಟ್ಟಿದ್ದು" ಅಂದೆ. ಅವಳು ನಂಬಲಿಲ್ಲ. ಆಂಟಿ ಹೇಳಿದ್ದು ಚರ್ಚಿನಲ್ಲಿ, ನಾನು ಹೇಳಿದ್ದು ಮನೆಯಲ್ಲಿ.

ಹಾಗಾದರೆ ಚರ್ಚಿನಲ್ಲೇ ಹೇಳುತ್ತೇನೆ ಎಂದುಕೊಂಡೆ. ನಮ್ಮಲ್ಲಿ ಆರಾಧನೆಯ ನಡುವೆ ಸಾಕ್ಷಿ ಹೇಳುವ ಹೊತ್ತಿರುತ್ತದೆ. ಕಾಯಿಲೆ ವಾಸಿಯಾದವರು, ಕೆಲಸ ಸಿಕ್ಕವರು ಎದ್ದು ಮೈಕ್ ಹಿಡಿದು ದೇವರನ್ನು ಕೊಂಡಾಡುತ್ತಾರೆ. ಏನೂ ಸಿಗದವರು ಏಳಬಾರದೆಂದು ಯಾರೂ ಹೇಳಿಲ್ಲ, ಆದರೂ ಅವರು ಏಳುವುದಿಲ್ಲ. ಆ ಭಾನುವಾರ ನಾನು ಮೆಷಿನ್ ತೆಗೆದುಕೊಂಡು, ಮಗಳ ಕೈ ಹಿಡಿದು ಮುಂದೆ ಹೋದೆ. ಎಲ್ಲರ ಮುಖ ಅರಳಿತು. ನಾನು ಜನರ ಕಡೆ ನೋಡಲಿಲ್ಲ. ತುಟಿ ಕಾಣಲೆಂದು ಮಗಳ ಕಡೆ ತಿರುಗಿ, ನಿಧಾನವಾಗಿ ಹೇಳಿದೆ:

"ನನ್ನ ಮಗಳಿಗೆ ಕಿವಿ ಕೇಳಿಸಲ್ಲ. ಅವತ್ತೂ ಕೇಳಿಸ್ಲಿಲ್ಲ. ದೇವರು ನಮ್ಮ ಕೈ ಬಿಟ್ಟಿಲ್ಲ. ಎರಡೂ ನಿಜ. ಈ ಮೆಷಿನ್ ಪಾಪ ಅನ್ನೋರು ಇಲ್ಲಿಗೆ ಬಂದು, ಇವಳ ಮುಖ ನೋಡಿ ಇನ್ನೊಂದ್ಸಲ ಹೇಳಿ."

ಯಾರೂ ಏಳಲಿಲ್ಲ. ಪಾಸ್ಟರ್ ತಲೆ ತಗ್ಗಿಸಿದರು. ಮಗಳು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಆಮೇಲೆ ನನ್ನ ಕೈಯಲ್ಲಿದ್ದ ಮೆಷಿನ್ ತೆಗೆದುಕೊಂಡು ತಾನೇ ಕೊರಳಿಗೆ ಹಾಕಿ, ವೈರನ್ನು ಕಿವಿಗೆ ಸಿಕ್ಕಿಸಿಕೊಂಡಳು. ಮೈಕನ್ನು ಬತ್ತಿಯಷ್ಟೇ ಹತ್ತಿರಕ್ಕೆ ಎಳೆದುಕೊಂಡು, ಇದ್ದ ಉಸಿರನ್ನೆಲ್ಲ ಕೂಡಿಸಿ "ಪರಲೋಕ" ಅಂದಳು.

ಸ್ಪೀಕರು ಢಬ್ಬೆಂದಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಆಂಟಿ ಎರಡೂ ಕಿವಿ ಮುಚ್ಚಿಕೊಂಡರು.